ಅಬಕಾರಿ ಮೂಗು

ಎಂಟುನೂರು ರೂಪಾಯಿ ಮುಂಗಡ ಕೊಟ್ಟು
ಬೈತಖೋಲದ ಐಸ್ ಫ್ಯಾಕ್ಟರಿ ಎದುರು ನಿಂತಿದ್ದೇವೆ ಏಳು ಮಂದಿ.
ಧಾರವಾಡದ ಹೊಸ ಜೋಡಿ, ನೌಕಾನೆಲೆಯ ಇಬ್ಬರು ಇಂಜಿನಿಯರು,
ಕ್ಯಾಮರಾದ ಹುಡುಗಿ, ಯಾರ ಜೊತೆಗೂ ಸೇರದ ಒಬ್ಬ ಬಳ್ಳಾರಿಯವ,
ಮತ್ತೆ ನಾನು.
ಎಲ್ಲರ ಕೊರಳಿಗೂ ಒಂದು ಪಟ್ಟಿ, ತುದಿಗೆ ಪುಟ್ಟ ಗಾಜಿನ ಲೋಟ,
ಬಾಲವಾಡಿ ಮಕ್ಕಳ ನೀರಿನ ಬಾಟ್ಲಿಯ ಹಾಗೆ.

ಗ್ಲೆನ್ವಿಲ್ ಹೇಳುತ್ತಾನೆ:
ಹಡಗಿನಲ್ಲಿ ತಟ್ಟೆ ಹಿಡಿದ ನಾಲ್ಕು ವರ್ಷದಲ್ಲಿ
ಒಂದು ದಿನ ರಜೆ ಸಿಕ್ಕಿ ಆಂಟ್ವರ್ಪಿನಲ್ಲಿ ಇಳಿದಿದ್ದೆ.
ಕೊಡೆ ಎತ್ತಿ ಹಿಡಿದ ಒಬ್ಬಳು ಮುದುಕಿ
ಬೀದಿ ಬೀದಿ ತಿರುಗಿಸಿ ಬಿಯರು ಕುಡಿಸಿದಳು, ಕತೆ ಹೇಳಿದಳು.
ಕತೆ ಮರೆತಿದೆ. ಕೊಡೆ ನೆನಪಿದೆ.
ಈಗ ಅವನ ಕೈಯಲ್ಲೂ ಕೊಡೆ.
ಎಪ್ರಿಲ್ ಸೆಖೆ, ತುಂಡು ಮೋಡವಿಲ್ಲ,
ಬಲೆ ಹೊಲಿಯುವವರು ತಲೆ ಎತ್ತಿ ನಗುತ್ತಾರೆ.

ಮೊದಲು ನೋಡಿ. ಆಮೇಲೆ ಮೂಸಿ.
ಆಮೇಲೆ ಒಂದು ಗುಟುಕು. ನುಂಗಬೇಡಿ,
ನಾನು ಹೇಳುವ ತನಕ ನಾಲಗೆಯ ಮೇಲೇ ಇರಲಿ.

ನಾನು ಎರಡನೆಯದಕ್ಕೇ ನಿಂತುಬಿಟ್ಟೆ.
ಮೂವತ್ತೊಂದು ವರ್ಷ ಮಾಜಾಳಿ ಗೇಟಿನಲ್ಲಿ
ಸರಕಾರ ಸಂಬಳ ಕೊಟ್ಟದ್ದು ಈ ಮೂಗಿಗೆ.
ಗೋವಾ ಬಸ್ಸಿನ ಸೀಟಿನಡಿ, ಗ್ಯಾಸ್ ಸಿಲಿಂಡರಿನ ಸುಳ್ಳು ಹೊಟ್ಟೆಯಲ್ಲಿ,
ಒಮ್ಮೆ ಮದುವೆ ದಿಬ್ಬಣದ ಡೋಲಿನೊಳಗೆ:
ಬಾರಿಸಿದರೆ ಡಬ್ ಅನ್ನಲಿಲ್ಲ, ಕುಲುಕ್ ಅಂದಿತು.
ಹಿಡಿದದ್ದನ್ನೆಲ್ಲ ಪಂಚರ ಎದುರು
ಕಾಳಿಯ ದಂಡೆಗೆ ಒಯ್ದು ಮರಳಿಗೆ ಸುರಿಯುತ್ತಿದ್ದೆವು.
ಏಡಿಗಳು ಇವತ್ತು ನೆಟ್ಟಗೆ ಮುಂದಕ್ಕೇ ನಡೆಯುತ್ತವೆ ನೋಡಿ, ಎಂದು
ಜಮಾದಾರ ಗುನಗಿ ಪ್ರತಿಸಲ ಹೇಳುತ್ತಿದ್ದ,
ಪ್ರತಿಸಲ ನಗುತ್ತಿದ್ದೆವು.

ನಾಲಗೆಗೆ ಮಾತ್ರ ಹನಿ ಸೋಕಿಲ್ಲ.
ಆಯಿಯ ಆಣೆ ಇತ್ತು. ಅವಳು ಹೋಗಿ ಹದಿನಾರು ವರ್ಷ.
ಆಣೆಗೂ ನಿವೃತ್ತಿ ಉಂಟೋ
ಯಾರನ್ನು ಕೇಳುವುದು?

ಕಾಜುಬಾಗದ ಬಾರಿನಲ್ಲಿ ಗೋಧಿಯ ಬಿಯರು, ಮಬ್ಬು ಹಳದಿ.
ತೀರ ಹಣ್ಣಾದ ಮಿಟ್ಲಿ ಬಾಳೆ, ಅಂದೆ,
ಲವಂಗದ ಡಬ್ಬಿಯಲ್ಲಿ ಯಾರೋ ಮುಚ್ಚಿಟ್ಟು ಮರೆತದ್ದು.
ಗ್ಲೆನ್ವಿಲ್ ಕೊಡೆ ಇಳಿಸಿದ.
ಆ ಮುದುಕಿಯೂ ಇದನ್ನೇ ಹೇಳಿದ್ದಳು ಅಂಕಲ್, ನೀವು ಏನು ಕೆಲಸದಲ್ಲಿದ್ದಿರಿ?
ಗೇಟಿನಲ್ಲಿ, ಅಂದೆ. ರೈಲ್ವೇ ಗೇಟು ಎಂದುಕೊಂಡನೋ ಏನೋ,
ಓ, ಎಂದು ಮುಂದೆ ನಡೆದ.
ಮುಂದಿನ ಅಂಗಡಿಯ ಕಪ್ಪು ಬಿಯರಿಗೆ ಸುಟ್ಟ ಬೆಲ್ಲ, ಹಳೇ ತಾಡಪತ್ರಿ.
ಹುಡುಗಿ ನನ್ನ ಮೂಗಿನ ಫೋಟೋ ತೆಗೆದಳು.
ಲೋಟ ತುಂಬಿದ ಹಾಗೇ ಬಳ್ಳಾರಿಯವನ ಕೈಗೆ ದಾಟಿಸಿದೆ.
ಈಗ ಅವನು ನನ್ನ ಪಕ್ಕವೇ ನಡೆಯುತ್ತಿದ್ದಾನೆ.

ಕೋಡಿಬಾಗದಲ್ಲಿ ಕಡೆಯ ನಿಲ್ದಾಣ. ಕಹಿ ಬಿಯರು,
ಜೊತೆಗೆ ಕೈಗಾಡಿಯ ಹುರಿದ ತಾರ್ಲೆ.
ಕಾವಲಿಯ ಹೊಗೆಯಾಚೆ ಶೇವಂತಿ ತಾಂಡೇಲ.
ಕೂದಲು ಹಣ್ಣಾಗಿದೆ. ಮೂಗುತಿ ಅದೇ.

ಬುಟ್ಟಿಯ ತಾರ್ಲೆಯ ಅಡಿಗೆ ಐದು ಬಾಟ್ಲಿ ಉರಾಕು.
ಮೀನಿನ ನಾತದ ಕೆಳಗೆ ಗೇರುಹಣ್ಣಿನ ನಾತ,
ಬಸ್ಸು ನಿಲ್ಲುವ ಮೊದಲೇ ನನಗೆ ಗೊತ್ತಾಗಿತ್ತು.
ಎಣಿಸಲಿಕ್ಕೆಂದು ಬುಟ್ಟಿ ಬೋರಲು ಹಾಕಿದೆ ಡಾಂಬರಿನ ಮೇಲೆ.
ಬಾಟ್ಲಿಗೆ ರಸೀದಿ ಬರೆದೆ.
ಮೀನಿಗೂ ಬರಿ, ಅಂದಳು.
ನಾಯಿಗಳು ಬಂದವು, ಕಾಗೆ ಬಂದವು,
ಮೀನಿಗೂ ಬರಿ, ಅನ್ನುತ್ತಲೇ ಇದ್ದಳು.

ತಟ್ಟೆ ಚಾಚಿದಳು.
ಮೂಸಿ ನೋಡಿ ಸಾಯ್ಬ. ಅಡಿಗೆ ಬೇರೇನೂ ಇಲ್ಲ.
ಎಲ್ಲರೂ ನಕ್ಕರು. ಒಳ್ಳೆ ತಮಾಷೆ ಅನಿಸಿರಬೇಕು.
ಎಲ್ಲರಿಗೂ ಅರವತ್ತು ರೂಪಾಯಿ, ನನಗೆ ನೂರು.
ಕೊಟ್ಟೆ.

ಯಾಕೋ ಲೋಟ ಎತ್ತಿದೆ ಆಗ.
ಮೂಸಲಿಲ್ಲ. ಒಂದು ಗುಟುಕು.
ಜ್ವರಕ್ಕೆ ಆಯಿ ಕುದಿಸುತ್ತಿದ್ದ ಕಿರಾತಕಡ್ಡಿ, ಅದೇ,
ಮೂಗು ಹಿಡಿದು ಕುಡಿಸುತ್ತಿದ್ದಳು.
ಕಾಳಿಯ ನೀರು ಸಮುದ್ರಕ್ಕೆ ಸೇರುವ ಕಡೆ ಬೆಳಕು ಆರುತ್ತಿದೆ,
ಕೊಡೆ ಮಡಿಸಿ ಗ್ಲೆನ್ವಿಲ್ ದುಡ್ಡು ಎಣಿಸುತ್ತಿದ್ದಾನೆ,
ನುಂಗಿ, ಅನ್ನುವುದನ್ನು ಮರೆತಿದ್ದಾನೆ.