ಕೈಕಂಬ

ಹಳೇ ಬಾಗಿಲದ ಮ್ಯಾಲೆ ಹೋಟಗಿ ಜಂಕ್ಷನ್ ಹಾಸೀನಿ.
ಒಂದು ಹಳಿ ವಿಜಾಪುರಕ್ಕ, ಒಂದು ವಾಡಿಗೆ.
ಚಿಲಕ ಕಿತ್ತ ತೂತು, ಬಾವಿ.

ಸಿಗ್ನಲ್ಲಿಗಂತ ಬಾಜೂಮನಿ ತಸ್ಲೀಮಾ
ಸಾಸಿವಿಯಂಥ ದೀಪ ತಂದ್ಳು,
ಎಂಟು ಕೆಂಪು, ಎಂಟು ಹಸಿರು.
ಒಂದೇ ಬಟ್ಟಲದಾಗ ಸುರುವಿದ್ಳು.

ಸುಮ್ಮ ಕುಂತೆ.

ಇಪ್ಪತ್ತೊಂದು ತುಂಬಿದಾಗ ಸೊಲ್ಲಾಪುರದ ಡಾಕ್ಟರು
ಚುಕ್ಕಿ ಪುಸ್ತಕ ತೆರದಿದ್ರು.
ಅದರಾಗ ಎಪ್ಪತ್ನಾಕು ಇತ್ತಂತ.
ನನಗ ಬರೇ ಚುಕ್ಕಿ.
ಎಂಜಿನ್ ಹತ್ತಲಿಲ್ಲ,
ಮೂವತ್ತೇಳು ವರ್ಷ ಪಾರ್ಸಲ್ ತೂಗಿದೆ.

ಇಲ್ಲಿ ದೀಪ ಬ್ಯಾಡವಾ.
ಐಸ್‌ಕ್ರೀಮ್ ಕಡ್ಡಿ ಸೀಳಿ ಕೈ ಮಾಡೀನಿ,
ಹಿಂದ ಸೈಕಲ್ ಬ್ರೇಕಿನ ತಂತಿ.
ಕೈ ಅಡ್ಡ ನಿಂತರ ನಿಲ್ಲು.
ತಂತಿ ಜಗ್ಗು,
ಇಳೀತು ನೋಡು: ಹೋಗು.

"ಕೈಗೆ ಯಾವ ಬಣ್ಣ ಬಳೀಲಿ ಅಜ್ಜಾ?"

ನಿನಗ ಚಂದ ಕಂಡದ್ದು.