ಎಷ್ಟು ಬೆರಳು, ಯಾವ ತಿಥಿಗೆ

ಮೊದಲು ಹೋದದ್ದು ಉಂಗುರ.
ಸೋಪು ಹಚ್ಚಿದರೂ ಬರಲಿಲ್ಲ, ಕುಮಟೆಯ ಅಕ್ಕಸಾಲಿ ಕತ್ತರಿಸಿ ತೆಗೆದ.
ಆಮೇಲೆ ಚಪ್ಪಲಿ: ಎಂಟು, ಒಂಬತ್ತು, ಹನ್ನೊಂದು.
ನಲವತ್ತಾರರಲ್ಲಿ ಯಾರಾದರೂ ಬೆಳೀತಾರಾ ಮಾರಾಯ
ಎಂದು ಅಂಗಡಿಯ ಇಸ್ಮಾಯಿಲ್ ಸಾಹೇಬರು ನಕ್ಕರು. ನಾನೂ ನಕ್ಕೆ.

ಕೊನೆಗೆ ಎರಡೂ ಬದಿಯ ಬೆಳಕು.
ಕಟ್ಟೆಯ ಮೇಲೆ ನಡೆದರೆ ಕಟ್ಟೆ ಮಾತ್ರ;
ಎಡಕ್ಕೆ ಅಘನಾಶಿನಿ ಇಲ್ಲ, ಬಲಕ್ಕೆ ಗಜನಿ ಇಲ್ಲ.
ಸೋಮಿ ಪಕ್ಕದಲ್ಲೇ ಕೂತು ಬಳಚು ಬಿಡಿಸುತ್ತಿದ್ದರೂ
ಎಲ್ಲಿದ್ದೀಯೇ ಎಂದು ಕೂಗುತ್ತಿದ್ದೆ.

ಮಣಿಪಾಲದಲ್ಲಿ ಎರಡು ಸಲ ಮೂಗಿನ ದಾರಿಯಿಂದ ಹೋಗಿ ಕೆರೆದರು,
ಒಂದೂವರೆ ತಿಂಗಳು ಕಿರಣ ಬಿಟ್ಟರು.
ಕಡಲೆಕಾಳಿನಷ್ಟು ಗ್ರಂಥಿ, ಅದರ ಬೆನ್ನಿಗೆ ಗಂಟು,
ಕೆರೆದಲ್ಲೇ ಮತ್ತೆ ಚಿಗುರಿತು.

ಡಾಕ್ಟರ್ ಪ್ರಫುಲ್ಲಾ ಶಾನಭಾಗ ಚೀಟಿಯ ಹಿಂದೆ ಗೆರೆ ಎಳೆದರು:
ಇದು ಹಸಿದಿದೆ. ಹಸಿದಾಗ ಕೂಗು ಹಾಕುತ್ತದೆ.
ಕೂಗು ಕೇಳಿದ ರಕ್ತನಾಳ ಕವಲೊಡೆದು ಇದರತ್ತ ಹರಿಯುತ್ತದೆ.
ಕತ್ತರಿಸಿ ಆಯಿತು, ಸುಟ್ಟು ಆಯಿತು,
ಇನ್ನು ಆ ಕೂಗು ಕೇಳಿಸದಂತೆ ಮಾಡಿ ನೋಡೋಣ.
ಖಾತ್ರಿ ಕೊಡಲಾರೆ. ಕೆಲವರಿಗೆ ಆಗಿದೆ, ಕೆಲವರಿಗಿಲ್ಲ.

ಅಮ್ಮಾ, ಇದು ನನಗೆ ಗೊತ್ತಿರುವ ಕೆಲಸ, ಅಂದೆ.
ಕಟ್ಟೆಯಲ್ಲಿ ಏಡಿ ಕೊರೆದ ಬಿಲ, ಬೆರಳಿನಷ್ಟು;
ಮೂರು ಉಬ್ಬರಕ್ಕೆ ತೋಡು, ಅಮಾಸೆಗೆ ಹೊಳೆ.
ಗದ್ದೆಗೆ ಉಪ್ಪು ಏರಿದರೆ ಉಪ್ಪಿನ ಜೊತೆ ಜಗಳವಿಲ್ಲ ನಮಗೆ,
ಅದು ಬಂದ ದಾರಿಯ ಜೊತೆ.

ಮೂರು ವಾರಕ್ಕೊಮ್ಮೆ ಬಾಟಲಿ.
ಬೆಳಗಿನ ರೈಲು, ಸೋಮಿಯ ಬುತ್ತಿ, ಒಂದೂವರೆ ತಾಸಿನ ಹನಿ.
ಬಿಪಿ ಏರಿತು, ಮೂಗಿನಿಂದ ನೆತ್ತರು ಬಂತು.
ಗಂಟು ಕರಗಲಿಲ್ಲ. ನಿಂತಿತು.
ಒಂದು ದಿನ ಎಡಗಣ್ಣಿನ ಅಂಚಿಗೆ
ಕೊಕ್ಕರೆಯೊಂದು ನಡೆದುಕೊಂಡು ಬಂತು.

ಆದರೆ ಚೌತಿಗೆ ಮುಂಚೆ, ಜಂತ್ರಡಿಯ ಹಲಗೆ ಎತ್ತುವಾಗ
ಕಲುವದ ಚಿಪ್ಪು ಪಾದ ಸೀಳಿತ್ತು,
ದೀಪಾವಳಿ ಬಂದರೂ ಬಾಯಿ ಮುಚ್ಚಿಲ್ಲ.
ಗಾಯವೂ ಹೊಸ ನಾಳಕ್ಕಾಗಿ ಕೂಗುತ್ತದಂತೆ, ಅದೇ ಕೂಗು.
ಔಷಧಕ್ಕೆ ದನಿಯ ಗುರುತಿಲ್ಲ.

ನನ್ನ ಹಲಗೆಗೂ ಇಲ್ಲ.
ಇಳಿಸಿದರೆ ಉಪ್ಪು ಹೊರಗೆ, ಸಿಗಡಿಯೂ ಹೊರಗೆ.
ಎತ್ತಿದರೆ ಎರಡೂ ಒಳಗೆ.
ಅಪ್ಪ ಕಲಿಸಿದ್ದು ಇಷ್ಟೇ: ಎಷ್ಟು ಬೆರಳು, ಯಾವ ತಿಥಿಗೆ.

ಗಾಯ ಒಣಗಲಿ, ಮುಂದಿನ ಬಾಟಲಿ ತಡವಾಗಲಿ ಎಂದಿದ್ದಾರೆ.
ಕತ್ತರಿಸಿದ ಉಂಗುರ ಡಬ್ಬಿಯಲ್ಲಿದೆ, ಬೆಸೆಯಲು ಕೊಟ್ಟಿಲ್ಲ.
ಇವತ್ತು ನವಮಿ, ಉಬ್ಬರ ಸಣ್ಣದು.
ಹಲಗೆ ನಾಲ್ಕು ಬೆರಳು ಎತ್ತಿ ಕೂತಿದ್ದೇನೆ.
ಎಡಗಡೆ ಬಳಚು ಬಿಡಿಸುವ ಸದ್ದು.
ತಿರುಗದೆ ನೋಡಿದೆ:
ಸೀರೆಯ ಅಂಚು ಮಾತ್ರ. ನೀಲಿ.