ಗೇಜು ಕಲ್ಲು

ಮೂವತ್ತೊಂದು ವರ್ಷ ನಾಲೆಯ ಕಲ್ಲು ಓದಿದವನು ನಾನು.
ಬೆಳಿಗ್ಗೆ ಆರು, ಸಂಜೆ ಆರು:
ನೀರು ಎಷ್ಟು ಅಡಿ, ಎಷ್ಟು ಇಂಚು,
ತೂಬಿನ ತಿರುಪು ಎಷ್ಟು ಸುತ್ತು.
ಬೇರೇನೂ ಓದಲಿಲ್ಲ.

ಈಗ ಹಿಮನದಿ ನೋಡಲು ಹೊರಟಿದ್ದೇನೆ.
"ಎಷ್ಟು ಕ್ಯೂಸೆಕ್ಸ್ ಬತ್ತದ್ಲಾ ಅದು?" ಅಂದೆ ಅಕ್ಕನ ಮಗ ಶಿವಮಾದುವಿಗೆ.
ನಕ್ಕ. "ದಿನಕ್ಕೆ ಒಂದು ಗೇಣು ಜರುಗ್ತದೆ ಮಾವ, ಅಷ್ಟೆ."
ಒಂದು ಗೇಣು!
ನಮ್ಮ ಕೊನೇಭಾಗದ ರೈತರು ಕೇಳಿದ್ದರೆ
ನನ್ನನ್ನು ತೂಬಿಗೇ ಕಟ್ಟಿಹಾಕುತ್ತಿದ್ದರು.

ಮಂಡ್ಯದಲ್ಲಿ ಏಪ್ರಿಲ್. ಸ್ವೆಟರ್ ಕೇಳಿದರೆ
ಅಂಗಡಿಯವನು ಜ್ವರವೇನೋ ಎಂದು ಮುಖ ನೋಡುತ್ತಾನೆ.
ಮೀನು ಮಾರ್ಕೆಟ್ಟಿನ ಹಿಂದೆ ಐಸ್ ಫ್ಯಾಕ್ಟರಿ;
ಅಲ್ಲಿಯ ಇಮ್ತಿಯಾಜ್ ದಿನಾ ಹತ್ತು ನಿಮಿಷ
ಶೀತದ ಕೋಣೆಯಲ್ಲಿ ನಿಲ್ಲಲು ಬಿಡುತ್ತಾನೆ, ಪುಕ್ಕಟೆ.
ಕಾಟ್ಲಾ ಬಂಗುಡೆಗಳ ನಡುವೆ ನಾನೂ ಒಬ್ಬ,
ಹಲ್ಲು ಕಟಕಟ.
"ಸಾಕು ಬನ್ನಿ, ನಿಮ್ಮನ್ನೂ ತಕ್ಕಡಿಗೆ ಹಾಕ್ಬುಟ್ಟಾರು."

ಭಾನುವಾರ ಕುಂತಿಬೆಟ್ಟ, ಬೆನ್ನ ಮೇಲೆ ಹತ್ತು ಸೇರು ರಾಗಿ.
ಮಂಡಿ, ತುಕ್ಕು ಹಿಡಿದ ತಿರುಪಿನ ಹಾಗೆ ಕಿರುಗುಟ್ಟುತ್ತದೆ.
ಇದಕ್ಕೆ ಗ್ರೀಸಿಲ್ಲ ಅಂದರು ಡಾಕ್ಟರು.
ದುಡ್ಡು: ಗ್ರಾಚ್ಯುಟಿಯಲ್ಲಿ ಉಳಿದ ನಲವತ್ತು ಸಾವಿರ.
ನನ್ನ ಪಟ್ಟಿಯ ಕೆಳಗೆ ದೇವೀರಮ್ಮ ಸೇರಿಸಿದ್ದಾಳೆ:
ಹುರಿಹಿಟ್ಟು, ನಿಂಬೆ ಉಪ್ಪಿನಕಾಯಿ, ಅಮೃತಾಂಜನ, ಬುದ್ಧಿ.

ಯಾಕೆ ಹೋಗ್ತೀಯ ಅಂತ ಎಲ್ಲರೂ ಕೇಳುತ್ತಾರೆ.
ಯಾರಿಗೂ ಹೇಳಿಲ್ಲ.

ಶಿವಮಾದು ಫೋನಿನಲ್ಲಿ ಒಂದು ಫೋಟೋ ತೋರಿಸಿದ್ದ:
ಬರೀ ಗುಂಡುಕಲ್ಲು, ಬೂದು, ಗರಿಕೆಯ ಎಸಳೂ ಇಲ್ಲ.
ಅಲ್ಲಲ್ಲಿ ಗುಂಡಿನ ಮೇಲೆ ಕೆಂಪು ಬಣ್ಣದಲ್ಲಿ ಇಸವಿ.
ಆ ವರ್ಷ ಗಡ್ಡೆ ಇಲ್ಲಿಯ ತನಕ ಇತ್ತಂತೆ.
ಇನ್ನೊಂದು ಗುಂಡು, ಇನ್ನೊಂದು ಇಸವಿ,
ಗಡ್ಡೆ ಹಿಂದೆ, ಅದಕ್ಕೂ ಹಿಂದೆ,
ಆಮೇಲೆ ಫೋಟೋದಲ್ಲೇ ಇಲ್ಲ.

ಕೊನೆಯ ಇಸವಿಯ ಒಂಬತ್ತು ತುಸು ಸೊಟ್ಟ.
ಬೆರಳು ಮರಗಟ್ಟಿ ಬರೆದದ್ದು ಅಂದ ಹುಡುಗ.
ಇರಬಹುದು.
ಆ ಸೊಟ್ಟ ನನಗೆ ಗೊತ್ತು.
ಕಟ್ಟೆ ಒಣಗಿದ ವರ್ಷ ಬಿಸಿಲಲ್ಲೂ
ನನ್ನ ಪುಸ್ತಕದ ಸೊನ್ನೆಗಳು ಹಾಗೇ ಇದ್ದವು,
ದುಂಡಗೆ ಬರೆಯಲು ಕೈ ಬರುತ್ತಿರಲಿಲ್ಲ.

ಅಲ್ಲೂ ಒಬ್ಬ ನೀರುಗಂಟಿ ಇದ್ದಾನೆ.
ಅವನ ಮಾತು ನನಗೆ ಬಾರದು, ನನ್ನದು ಅವನಿಗೆ.
ಕಲ್ಲು ಓದಲು ಅದೆಲ್ಲ ಯಾಕೆ?
ಬೀಡಿ ಸೇದುತ್ತಾನೋ ಏನೋ, ಎರಡು ಕಟ್ಟು ಇರಲಿ.
ಕೆಂಪು ಪೇಂಟಿನ ಸಣ್ಣ ಡಬ್ಬಿಯೂ ತಂದಿಟ್ಟಿದ್ದೇನೆ,
ಅವನದು ಮುಗಿದಿರಬಹುದು.
ರೈಲಿನಲ್ಲಿ ಬಿಡುತ್ತಾರೋ ಇಲ್ಲವೋ,
ಶಿವಮಾದುವನ್ನು ಕೇಳಬೇಕು.